ಗುರ್ಜಿ ಹೊತ್ತರೆ ಮಳೆ, ಹೊರದಿದ್ದರೆ?

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: ‘ಆರಿದ್ರಾ ಮಳೆ ಕೈಕೊಟ್ಟಾಗ ನಮ್ಮೂರಲ್ಲಿ ಮಳೆ ಬೇಡಿ ಸಗಣಿಯ ಗೊಂಬೆ ಗುರ್ಜಿಯನ್ನು ಹೊತ್ತರು. ವಾರದೊಳಗೆ ಮಳೆಯಾಯಿತು. ಅವ್ವ ದೇವರ ದಯೆ ಅಂದಳು, ನಾನು ಕಾಕತಾಳೀಯ ಅಂದೆ. ಅವಳು ಮುನಿಸಿಕೊಂಡಳು. ದೇವರನ್ನು ನಂಬುವುದು ವಿವೇಕಕ್ಕೆ ಒಪ್ಪುವ ಮಾತೇ?’

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಕೂಡಿಕೊಂಡಿವೆ. ಗುರ್ಜಿಯಿಂದ ಮಳೆ ಬಂತೇ ಎಂಬುದು ಒಂದು, ದೇವರಿದ್ದಾನೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು.

ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ, ಗರಿಕೆ ಸಿಕ್ಕಿಸಿ, ತಲೆಮೇಲೆ ಹೊತ್ತು ಮನೆಮನೆ ತಿರುಗಿ ನೀರು ಹಾಕಿಸಿಕೊಳ್ಳುವುದು ಯಾವಾಗ? ಮುಂಗಾರು ತಡವಾದಾಗ. ರಾಯಚೂರು ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರಿನಲ್ಲಿ. ಜುಲೈನಲ್ಲಿ ಗುರ್ಜಿ ಹೊತ್ತರೂ ಹೊರದಿದ್ದರೂ ಮುಂದಿರುವುದು ಮಳೆಯ ದಿನಗಳೇ. ಬಂದ ವರ್ಷವನ್ನು ಊರೆಲ್ಲ ನೆನೆಯುತ್ತದೆ, ಬಾರದ ವರ್ಷ ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿ ಹೊರುವ ಮುನ್ನವೇ ಗಡುವು ಬರೆದಿಡಿ, ಏಳು ದಿನ ಅನ್ನಿ. ಎಷ್ಟು ಬಿದ್ದರೆ ಮಳೆ ಎಂಬುದೂ ಮೊದಲೇ ನಿಗದಿಯಾಗಲಿ. ಹವಾಮಾನ ಇಲಾಖೆ 2.5 ಮಿ.ಮೀ. ಇಲ್ಲವೇ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎನ್ನುತ್ತದೆ, ಅದೇ ಇರಲಿ. ಗುರ್ಜಿ ಹೊರದ ಪಕ್ಕದೂರಿನ ಅಂಕಿಯನ್ನೂ ತನ್ನಿ. ಹೊತ್ತು ಬಂದದ್ದು, ಹೊತ್ತೂ ಬಾರದ್ದು, ಹೊರದೆ ಬಂದದ್ದು, ಹೊರದೆ ಬಾರದ್ದು, ಪಟ್ಟಿಯ ಈ ನಾಲ್ಕೂ ಮನೆ ತುಂಬಬೇಕು. ಒಂದೇ ಮನೆ ನೋಡಿ ತೀರ್ಪು ಕೊಟ್ಟವರು ನಿಮ್ಮ ತಾಯಿಯೊಬ್ಬರೇ ಅಲ್ಲ. ಒಂದು ಮಳೆಯಿಂದ ದೈವದಯೆ ಸಿದ್ಧವಾಗದ ಹಾಗೆ ಕಾಕತಾಳೀಯವೂ ಸಿದ್ಧವಾಗದು.

ದೇವರ ಇರವಿಗೆ ಮಳೆಮಾಪಕ ಸಾಲದು. ಇಲ್ಲಿ ನಮ್ಮ ನೆಲದವರೇ ಶತಮಾನಗಟ್ಟಲೆ ಜಗಳಾಡಿದ್ದಾರೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಲೇಬೇಕು ಎಂದು ನ್ಯಾಯದರ್ಶನದ ತಾರ್ಕಿಕ ಉದಯನ ವಾದಿಸಿದ. ಅವನಿಗಿಂತ ಮೊದಲೇ ಬೌದ್ಧ ಧರ್ಮಕೀರ್ತಿ ಈ ಬಗೆಯ ವಾದಕ್ಕೆ ಪೆಟ್ಟು ಕೊಟ್ಟಿದ್ದ: ಮಣ್ಣಿನದು ಎಂಬ ಮಾತ್ರಕ್ಕೆ ಹುತ್ತವನ್ನೂ ಕುಂಬಾರನೇ ಮಾಡಿದ ಎನ್ನೋಣವೇ? ಕೊಪ್ಪಳ ಜಿಲ್ಲೆಯ ಆನೆಗೊಂದಿ ನವವೃಂದಾವನದಲ್ಲಿ ಸಮಾಧಿಯಾಗಿರುವ ಯತಿ ವ್ಯಾಸರಾಯರನ್ನು ನೋಡಿ. ಕೀರ್ತನೆ ಹಾಡಿದ ಅವರೇ ‘ತರ್ಕತಾಂಡವ’ ಎಂಬ ತರ್ಕಗ್ರಂಥವನ್ನೂ ಬರೆದರು. ಬರಿಯ ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ದೇವರು ಸಿದ್ಧನಾಗುವುದಿಲ್ಲ, ಆಗಮವೇ, ಅಂದರೆ ಶಾಸ್ತ್ರವಾಕ್ಯವೇ ಬೇಕು ಎನ್ನುವುದು ಅವರ ಮಾಧ್ವ ಪರಂಪರೆ. ಚೆನ್ನಾಗಿ ಪರೀಕ್ಷೆಗೊಂಡ ಪ್ರತ್ಯಕ್ಷವನ್ನು ಆಗಮವೂ ಅಲ್ಲಗಳೆಯಲಾರದು ಎನ್ನುವುದೂ ಅದೇ ಪರಂಪರೆ. ಯಾವ ಆಗಮವನ್ನು, ಏಕೆ ನಂಬಬೇಕು ಎಂದು ಎದುರಾಳಿ ಕೇಳಿಯೇ ಕೇಳುತ್ತಾನೆ, ಅದಕ್ಕೆ ಎಲ್ಲರೂ ತಲೆದೂಗುವ ಉತ್ತರ ನನಗೆ ಕಂಡಿಲ್ಲ. ಆದರೂ ಭಕ್ತಿ ಬಂದರೆ ತರ್ಕ ಹೊರಡಬೇಕು ಎನ್ನುವವರು ವ್ಯಾಸರಾಯರನ್ನು ಓದಬೇಕು.

ಸಾಕಷ್ಟು ಪುರಾವೆಯಿಲ್ಲದೆ ಏನನ್ನು ನಂಬಿದರೂ ತಪ್ಪೇ ಎಂದು ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ. 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಉತ್ತರ ಕೊಟ್ಟ: ಪುರಾವೆಯಿಂದ ಇತ್ಯರ್ಥವಾಗದ, ತಪ್ಪಿಸಿಕೊಳ್ಳಲೂ ಆಗದ, ಬದುಕನ್ನೇ ತಿರುಗಿಸುವಂಥ ಆಯ್ಕೆ ಎದುರಾದರೆ ಮನಸ್ಸು ಒಲಿದ ಕಡೆ ನಿಲ್ಲುವ ಹಕ್ಕು ಮನುಷ್ಯನಿಗಿದೆ. ನಾನು ಜೇಮ್ಸ್ ಪಕ್ಷ. ಆ ಷರತ್ತಿನೊಳಗೆ ನಿಮ್ಮ ತಾಯಿಯವರ ದೈವಭಕ್ತಿ ವಿವೇಕದ್ದೇ. ಷರತ್ತು ದಾಟಿದರೆ ಅಲ್ಲ.

ನಮ್ಮ ಕಡೆ ಭಕ್ತಿ ಆ ಷರತ್ತು ದಾಟುವುದು ಹಾವು ಕಡಿದಾಗ. ಕಡಿದದ್ದು ವಿಷವಿಲ್ಲದ ಹಾವಾಗಿರಬಹುದು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ. ಅಂಥವರು ಮಂತ್ರ ಹಾಕಿಸಿಕೊಂಡು ಉಳಿದರೆ ಹೆಸರು ಮಂತ್ರಕ್ಕೆ. ಕಟ್ಟುಹಾವು ಕಡಿದರೆ ನೋವೇ ಗೊತ್ತಾಗದಿರಬಹುದು. ಕೆಲವು ಗಂಟೆ ಕಳೆದ ಮೇಲೆ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ಇಲ್ಲಿ ಪುರಾವೆ ತೀರ್ಪು ಕೊಟ್ಟಾಗಿದೆ: ಆಸ್ಪತ್ರೆಯ ಪ್ರತಿವಿಷ. ಹಾವು, ಚೇಳು, ನಾಯಿ ಕಡಿದವರನ್ನು ಚಿಕಿತ್ಸೆಗೆ ಬಿಡದೆ ಮಂತ್ರ ಹಾಕಿಸುವುದನ್ನು ಕರ್ನಾಟಕದ 2017ರ ಕಾನೂನು ನಿಷೇಧಿಸಿದೆ. ಗಾಯ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಕಡಿದ ಕೈಕಾಲು ಅಲುಗದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ತಾಯಿಯವರು ಹುಲಿಗೆಮ್ಮನಿಗೆ ಹರಕೆ ಹೊರುವುದಿದ್ದರೆ ಆಂಬುಲೆನ್ಸಿನಲ್ಲಿ ಕೂತೇ ಹೊರಲಿ.