ಊಟದ ಹೊತ್ತು ದೇಹಕ್ಕೆ ಮೊದಲೇ ತಿಳಿಯುವುದು ಹೇಗೆ?

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಸೂರ್ಯನೇ ಕಾಣದ ದಿನವೂ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹಸಿವಾಗುವುದೇಕೆಂದರೆ, ದೇಹವು ದಿನನಿತ್ಯದ ಊಟದ ವೇಳೆಯನ್ನು ಕಲಿತುಕೊಂಡು ಅದಕ್ಕೆ ಮುಂಚೆಯೇ ಸಿದ್ಧತೆ ಆರಂಭಿಸುತ್ತದೆ.

ದೇಹದ ದಿನಚರಿಯ ಲಯವನ್ನು ನಡೆಸುವ ಮಿದುಳಿನ ಮುಖ್ಯ ಗಡಿಯಾರವು ಬೆಳಕನ್ನು ಅನುಸರಿಸುತ್ತದೆ; ಮೋಡ ಕವಿದ ಹಗಲೂ ಅದಕ್ಕೆ ಸಾಕು. ಊಟವನ್ನು ನಿರೀಕ್ಷಿಸುವ ವ್ಯವಸ್ಥೆ ಬೇರೆಯೇ ಇದೆ. ಇಲಿಗಳಲ್ಲಿ ಆ ಮುಖ್ಯ ಗಡಿಯಾರವನ್ನು ನಾಶಪಡಿಸಿದರೂ, ದಿನವೂ ಒಂದೇ ಹೊತ್ತಿಗೆ ಆಹಾರ ಕೊಟ್ಟರೆ ಅವು ಅದಕ್ಕೆ ಮುನ್ನವೇ ಚುರುಕಾಗಿ ಓಡಾಡತೊಡಗುತ್ತವೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅಚ್ಚರಿಯ ಅಂಶ ಇದೇ. ಮೂಗಿನಿಂದ ವಾಸನೆಯ ಸಂದೇಶ ಮೊದಲು ತಲುಪುವ ಮಿದುಳಿನ ಪುಟ್ಟ ಭಾಗವಾದ ಘ್ರಾಣಕಂದದಲ್ಲಿಯೂ ಸ್ವಂತ ಗಡಿಯಾರವಿದ್ದು, ಆಹಾರದ ವೇಳೆ ನಿಗದಿಯಾದಾಗ ಅದರ ಲಯವೂ ಅದಕ್ಕೆ ಹೊಂದಿಕೊಳ್ಳುವುದು ಪ್ರಾಣಿಗಳಲ್ಲಿ ಕಂಡುಬಂದಿದೆ. ಜಠರವು ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ರೂಢಿಯ ಊಟಕ್ಕೆ ಮುಂಚಿತವಾಗಿ ಹೆಚ್ಚಿಸುತ್ತದೆ.

ಹೀಗೆ ಸಜ್ಜಾಗಿರುವ ಹೊತ್ತಿನಲ್ಲಿ ಪಂದಿ ಕರಿಗೆ (ಕೊಡಗಿನ ಹಂದಿಮಾಂಸದ ಸಾರು) ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಿದ್ದು ಅದರ ಹುಳಿ ಘಮ ಹಜಾರಕ್ಕೆ ಬಂದರೆ, ತುತ್ತು ಬಾಯಿಗೆ ಹೋಗುವ ಮೊದಲೇ ನೀರೂರುತ್ತದೆ, ಜಠರರಸವೂ ಸ್ರವಿಸತೊಡಗುತ್ತದೆ. ಊಟದ ವೇಳೆಯನ್ನು ಬದಲಾಯಿಸಿದವರಿಗೆ ಕೆಲವು ದಿನ ಹಳೆಯ ಹೊತ್ತಿಗೇ ಹಸಿವಾಗುವುದಕ್ಕೂ, ಈ ಗಡಿಯಾರಗಳು ನಿಧಾನವಾಗಿ ಸರಿಯುವುದೇ ಕಾರಣ.