ಬೆಂಗಳೂರಿನ ಸೀಟಾ, ಇಂಗ್ಲೆಂಡಿನ ಕೆಲಸವಾ?

ಮೇಡಂ ಅಂತ ಯಾಕೆ, ಅಕ್ಕ ಅಂದರೆ ಸಾಕು. ನೀನು ದಾವಣಗೆರೆ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ವಿಭಾಗದ ಎಂಡಿ ಮುಗಿಸಿದವನು, ಬಾಪೂಜಿ ಮಕ್ಕಳ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡಿದವನು. ನಾನೂ ಅಲ್ಲಿಂದಲೇ ಬಂದವಳು, ಈಗ ಇಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಹೃದಯದ ಡಾಕ್ಟರ್. ಅದಕ್ಕೇ ನೀನು ಅಂತ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಇಷ್ಟು. ಮಕ್ಕಳ ಹೃದಯದ ಡಾಕ್ಟರ್ ಆಗಬೇಕು. ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಜನರಲ್ ಪೀಡಿಯಾಟ್ರಿಕ್ಸ್ ಕೆಲಸ ಸಿಕ್ಕಿದೆ, ಆದರೆ ಅದು ಟ್ರೈನಿಂಗ್ ಪೋಸ್ಟ್, ಅಂದರೆ ತಜ್ಞರಾಗಲು ತರಬೇತಿ ಕೊಡುವ ಹುದ್ದೆ, ಅಲ್ಲ. ಬೆಂಗಳೂರಿನಲ್ಲಿ ಮಕ್ಕಳ ಕಾರ್ಡಿಯಾಲಜಿ (ಹೃದಯ ಚಿಕಿತ್ಸೆ) ಫೆಲೋಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ಸೀಟು, ಕೂಡ ಸಿಗುವ ಹಾಗಿದೆ. ಅಪ್ಪ ಅಮೆರಿಕಾನೇ ಸರಿ ಅನ್ನುತ್ತಾರೆ. ಹೆಂಡತಿ ಡೆಂಟಿಸ್ಟ್, ಮಗುವಿಗೆ ಇನ್ನೂ ಎರಡು ತುಂಬಿಲ್ಲ. ಯಾವುದನ್ನು ಹಿಡಿಯಲಿ, ಅಲ್ಲಿ ಜೀವನ ಹೇಗೆ ಅಂತ.

ಬೆಂಗಳೂರಿನ ಸೀಟು ಹಿಡಿ. ಇಂಗ್ಲೆಂಡ್ ಎಲ್ಲಿಗೂ ಓಡಿಹೋಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ಮೊದಲು ಪಳಗಬೇಕಾದ್ದು ಕೈ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಅದರ ಪ್ರೋಬ್ ಹಿಡಿಯುವ ಕೈ. ದೊಡ್ಡವರ ಎಕೋ ನೋಡಿದವರಿಗೆ ಇದು ಸುಲಭ ಅನ್ನಿಸಬಹುದು. ಆದರೆ ನಮ್ಮ ಪೇಷೆಂಟ್ ಮೂರು ಕೆಜಿ ಇರುತ್ತದೆ, ಹಸಿದಿರುತ್ತದೆ, ಎಡಕ್ಕೆ ತಿರುಗು ಅಂದರೆ ತಿರುಗುವುದಿಲ್ಲ. ಜೆಲ್ ಬೆಚ್ಚಗಿರಬೇಕು. ಮೊದಲು ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲೆ ಪ್ರೋಬ್ ಇಡಬೇಕು. ಲಿವರ್ ಯಾವ ಕಡೆ, ಹೃದಯದ ತುದಿ ಯಾವ ಕಡೆ ನೋಡಬೇಕು. ರಕ್ತ ಎಲ್ಲಿಂದ ಒಳಗೆ ಬರುತ್ತಿದೆ, ಮೇಲಿನ ಕೋಣೆ ಕೆಳಗಿನ ಯಾವ ಕೋಣೆಗೆ ಕೂಡಿದೆ, ಎರಡು ದೊಡ್ಡ ರಕ್ತನಾಳಗಳು ಎಲ್ಲಿಂದ ಹೊರಡುತ್ತಿವೆ, ಹೀಗೆ ಒಂದೊಂದೇ ಮೆಟ್ಟಿಲು. ಎದ್ದು ಕಾಣುವ ರಂಧ್ರಕ್ಕೆ ಮೊದಲೇ ಕಣ್ಣು ಹೋದರೆ ಪಕ್ಕದಲ್ಲಿರುವ ಇನ್ನೊಂದು ತೊಂದರೆ ತಪ್ಪಿಹೋಗುತ್ತದೆ. ಇದೆಲ್ಲ ಮಗು ಅಳುವುದರೊಳಗೆ ಮುಗಿಯಬೇಕು. ಅಳು ಶುರುವಾಯಿತೋ, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಪೂರ್ತಿ ಕಲಸುಮೇಲೋಗರ.

ಈ ಕೈ ನಮ್ಮ ದೇಶದಲ್ಲಿ ಬೇಗ ಪಳಗುತ್ತದೆ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದಲ್ಲಿ ಏನಾದರೂ ತೊಂದರೆ ಇರುತ್ತದೆ. ಇದು ಎಲ್ಲ ದೇಶಕ್ಕೂ ಒಂದೇ. ಆದರೆ ಬೆಂಗಳೂರಿನ ಜಯದೇವ, ನಾರಾಯಣ ಹೃದಯಾಲಯ, ವೈಟ್‌ಫೀಲ್ಡ್ ಸತ್ಯಸಾಯಿ ಆಸ್ಪತ್ರೆಗಳಿಗೆ ಬರುವಷ್ಟು ಮಕ್ಕಳು ಇಲ್ಲಿನ ಯಾವ ಆಸ್ಪತ್ರೆಗೂ ಬರುವುದಿಲ್ಲ. ಇಲ್ಲಿ ಇನ್ನೊಂದು ಕಷ್ಟ ಇದೆ. ಬಹಳ ಕಡೆ ಎಕೋ ಮಾಡುವುದು ಡಾಕ್ಟರಲ್ಲ, ಅದನ್ನೇ ಕಲಿತ ತಂತ್ರಜ್ಞರು, ಅಂದರೆ ಕಾರ್ಡಿಯಾಕ್ ಫಿಸಿಯಾಲಜಿಸ್ಟ್‌ಗಳು. ಅಮೆರಿಕದಲ್ಲಿ ಸೋನೋಗ್ರಾಫರ್‌ಗಳು. ಅವರು ತುಂಬಾ ಚೆನ್ನಾಗಿ ಮಾಡುತ್ತಾರೆ. ಅದರಿಂದ ಹೊಸದಾಗಿ ಬಂದ ಡಾಕ್ಟರ್ ಪ್ರೋಬ್‌ಗಾಗಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ಕೈ ಪಳಗಿಸಿಕೊಂಡು ಬಂದವನಿಗೆ ಮೊದಲ ವಾರವೇ ಮರ್ಯಾದೆ ಬೇರೆ.

ಅಪ್ಪನ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಅರ್ಥ ಇದೆ. ನೀಲಿಗಟ್ಟಿದ ಮಗುವಿಗೆ ಮೊದಲ ಶಂಟ್ ಆಪರೇಷನ್ (ಶ್ವಾಸಕೋಶಕ್ಕೆ ರಕ್ತ ಹೋಗಲು ಹೊಸ ದಾರಿ ಮಾಡುವುದು) ಆಗಿದ್ದು 1944ರ ನವೆಂಬರ್ 29ರಂದು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಯೋಚನೆ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟೌಸಿಗ್ ಅವರದು, ಆಪರೇಷನ್ ಮಾಡಿದವರು ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್, ಹಿಂದೆ ನಿಂತು ಹೇಳಿಕೊಟ್ಟವರು ಅವರ ಲ್ಯಾಬ್ ಸಹಾಯಕ ವಿವಿಯನ್ ಥಾಮಸ್. ಟೌಸಿಗ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಮಗುವಿನ ಎದೆ ಮೇಲೆ ಕೈಯಿಟ್ಟು ಕಾಯಿಲೆ ಹಿಡಿಯುತ್ತಿದ್ದರು. ಈಗಲೂ ಅಲ್ಲಿನ ಟ್ರೈನಿಂಗ್ ಗಟ್ಟಿ. ಆದರೆ ಲೆಕ್ಕ ನೋಡು. ನಿನ್ನ ಎಂಡಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆದು, 3 ವರ್ಷ ಮತ್ತೆ ಪೀಡಿಯಾಟ್ರಿಕ್ಸ್ ರೆಸಿಡೆನ್ಸಿ, ಆಮೇಲೆ 3 ವರ್ಷ ಕಾರ್ಡಿಯಾಲಜಿ ಫೆಲೋಶಿಪ್. ಕ್ಯಾಥ್ ಲ್ಯಾಬ್ ಕೆಲಸ (ರಕ್ತನಾಳದೊಳಗೆ ನಳಿಕೆ ತೂರಿಸಿ ಮಾಡುವ ಚಿಕಿತ್ಸೆ) ಬೇಕು ಅಂದರೆ ಇನ್ನೊಂದು ವರ್ಷ. 2022ರಿಂದ ಆ ಲೈಸೆನ್ಸ್ ಪರೀಕ್ಷೆಯ ಸ್ಟೆಪ್ 1ಕ್ಕೆ ಬರೀ ಪಾಸ್-ಫೇಲ್, ಹಾಗಾಗಿ ಎಲ್ಲ ಭಾರ ಸ್ಟೆಪ್ 2ರ ಮೇಲೆ. ಜೆ-1 ಅನ್ನುವ ತರಬೇತಿ ವೀಸಾದಲ್ಲಿ ಹೋದರೆ ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ಬರಬೇಕು. ಇಲ್ಲಾಂದರೆ ಡಾಕ್ಟರ್ ಸಿಗದ ಜಾಗದಲ್ಲಿ ಕೆಲಸ ಮಾಡುತ್ತೇನೆ ಅಂತ ವಿನಾಯಿತಿ ತೆಗೆದುಕೊಳ್ಳಬೇಕು. ಎಂಬಿಬಿಎಸ್ ಆದ ಕೂಡಲೇ ಹೋಗುವವರಿಗೆ ಈ ದಾರಿ ಸರಿ. ಎಂಡಿ ಮುಗಿಸಿ, ಮಗು ಎತ್ತಿಕೊಂಡಿರುವ ನಿನಗೆ ಈ ದಾರಿ ಹಿಡಿ ಅಂತ ನಾನು ಹೇಳುವುದಿಲ್ಲ.

ಇನ್ನು ನಿನಗೆ ಸಿಕ್ಕಿರುವ ಕೆಲಸ. ಇಂಗ್ಲೆಂಡಿನಲ್ಲಿ ಮಕ್ಕಳ ಹಾರ್ಟ್ ಆಪರೇಷನ್ ಮಾಡುವ ಆಸ್ಪತ್ರೆಗಳು ಹತ್ತರ ಆಸುಪಾಸು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಬ್ರಿಸ್ಟಲ್, ಹೀಗೆ. ಕಾರ್ಡಿಯಾಲಜಿ ಟ್ರೈನಿಂಗ್ ಸ್ಪೆಷಲಿಸ್ಟ್ ತರಬೇತಿಯ ನಾಲ್ಕನೇ ವರ್ಷದಿಂದ (ಎಸ್‌ಟಿ4) ಎಂಟನೇ ವರ್ಷದ ತನಕ (ಎಸ್‌ಟಿ8) ಐದು ವರ್ಷ. ಇಡೀ ದೇಶಕ್ಕೆ ಕೆಲವೇ ಸೀಟು. ಈಗ ಇಲ್ಲಿ ಓದಿದವರಿಗೇ ಮೊದಲ ಆದ್ಯತೆ ಅಂತ 2025ರಲ್ಲಿ ಸರ್ಕಾರವೂ ಹೇಳಿಬಿಟ್ಟಿದೆ. ಸಣ್ಣ ಊರಿನ ಜನರಲ್ ಕೆಲಸದಲ್ಲಿ ಕೂತು, ಅಲ್ಲಿಂದ ಹಾಗೇ ಕಾರ್ಡಿಯಾಲಜಿಗೆ ಜಾರಿಕೊಳ್ಳುತ್ತೇನೆ ಅನ್ನುವುದು ಆಸೆ ಮಾತ್ರ. ಆ ಕೆಲಸದಲ್ಲಿ ನೀನು ನೋಡುವುದು ಚಳಿಗಾಲ ಪೂರ್ತಿ ಉಬ್ಬಸದ ಕೂಸುಗಳು, ನವಜಾತ ಶಿಶುಗಳ ಕಾಮಾಲೆ. ಅದೂ ಕೆಲಸವೇ, ಕೀಳಲ್ಲ. ನಿನ್ನ ಗುರಿ ಅದಲ್ಲ ಅಷ್ಟೇ.

ಆದರೂ ಹೋಗಲೇಬೇಕು ಅಂದರೆ ಆ ಆಸ್ಪತ್ರೆಯನ್ನು ಒಂದು ವಿಷಯ ಕೇಳಿ ಹೋಗು. ಇಲ್ಲಿ ಸಣ್ಣ ಊರುಗಳಲ್ಲಿ ಹೃದಯದ ವಿಷಯದಲ್ಲಿ ಪರಿಣತಿ ಇರುವ ಮಕ್ಕಳ ಡಾಕ್ಟರ್ ಅಂತ ಒಬ್ಬರು ಇರುತ್ತಾರೆ. ಅವರೇ ಎಕೋ ಮಾಡುತ್ತಾರೆ, ಎದೆಯಲ್ಲಿ ಕೇಳುವ ಅಪಾಯವಿಲ್ಲದ ಸದ್ದುಗಳನ್ನು, ಅಂದರೆ ಸಾದಾ ಮರ್ಮರ್‌ಗಳನ್ನು, ಅಲ್ಲೇ ಮುಗಿಸುತ್ತಾರೆ. ದೊಡ್ಡ ಸೆಂಟರಿನ ಕಾರ್ಡಿಯಾಲಜಿಸ್ಟ್ ಆಗಾಗ ಆ ಊರಿಗೇ ಬಂದು ಜೊತೆಯಲ್ಲಿ ಕ್ಲಿನಿಕ್ ನಡೆಸುತ್ತಾರೆ. ನಿನ್ನ ಆಸ್ಪತ್ರೆಯಲ್ಲಿ ಅಂಥವರು ಇದ್ದಾರಾ? ವಾರಕ್ಕೆ ಒಂದು ಸೆಷನ್ ಎಕೋಗೆ ಅಂತ ನಿನ್ನ ಡ್ಯೂಟಿ ಪಟ್ಟಿಯಲ್ಲಿ ಬರೆದುಕೊಡುತ್ತಾರಾ? ಬರೆದುಕೊಟ್ಟರೆ ಯೋಚನೆ ಮಾಡು. ಬಂದ ಮೇಲೆ ನೋಡೋಣ ಅಂದರೆ, ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನನಗಂತೂ ಈ ವ್ಯವಸ್ಥೆ ದಾವಣಗೆರೆಗೆ ತುಂಬಾ ಹೊಂದುತ್ತದೆ ಅನ್ನಿಸುತ್ತದೆ. ನೀನೇ ನೋಡಿರುತ್ತೀಯ. ಜಗಳೂರು ಕಡೆಯಿಂದ ಆರು ವರ್ಷದ ಹುಡುಗ ಬರುತ್ತಾನೆ. ನಾಲ್ಕು ಹೆಜ್ಜೆ ನಡೆದು ಕುಕ್ಕರಗಾಲಲ್ಲಿ ಕೂರುತ್ತಾನೆ. ತುಟಿ ನೀಲಿ, ಬೆರಳ ತುದಿ ಉಬ್ಬಿದೆ. ಟೆಟ್ರಾಲಜಿ (ಮೈ ನೀಲಿಗಟ್ಟಿಸುವ ಹುಟ್ಟು ಹೃದಯರೋಗ) ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ. ಆಮೇಲೆ ರೈಲು ಹತ್ತಿ ಬೆಂಗಳೂರು. ಆಪರೇಷನ್ ಅಲ್ಲಿ ಆಗಲಿ, ಸರಿ. ಆದರೆ ಪ್ರತಿ ಚೆಕಪ್‌ಗೂ ಕೂಲಿ ಬಿಟ್ಟು ಇನ್ನೂರೈವತ್ತು ಕಿಲೋಮೀಟರ್‌ಗೂ ಜಾಸ್ತಿ ಯಾಕೆ ಹೋಗಬೇಕು? 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷೆ ಮಾಡಿ ಕಳಿಸುತ್ತವೆ. ಕಳಿಸಿದ ಮಗುವಿಗೆ ಊರಲ್ಲೇ ಸರಿಯಾದ ಎಕೋ ಆದರೆ ಎಷ್ಟೋ ಮನೆಗಳ ಅಲೆದಾಟ ತಪ್ಪುತ್ತದೆ.

ಹಾಗಾದರೆ ಇಲ್ಲಿಗೆ ಬರುವುದೇ ಬೇಡವಾ? ಬಾ. ಬೆಂಗಳೂರು ಮುಗಿಸಿ, ಫೆಲೋ ಆಗಿ ದೊಡ್ಡ ಸೆಂಟರಿಗೇ ಬಾ. ಇಲ್ಲಿ ಕಲಿಯಬೇಕಾದ್ದು ಬೇರೆ ಇದೆ. ತಾಯಿಗೆ ಇಪ್ಪತ್ತನೇ ವಾರದ ಸ್ಕ್ಯಾನ್‌ನಲ್ಲೇ ಮಗುವಿನ ಹೃದಯ ನೋಡುತ್ತಾರೆ. ದೊಡ್ಡ ನಾಳಗಳು ಅದಲುಬದಲಾಗಿವೆ ಅಂತ ಗೊತ್ತಾದರೆ ಹೆರಿಗೆಯನ್ನೇ ಸೆಂಟರಿನ ಹತ್ತಿರ ಮಾಡಿಸುತ್ತಾರೆ. ಮಗು ಹುಟ್ಟಿದ ಕೂಡಲೇ ಪ್ರೊಸ್ಟಗ್ಲಾಂಡಿನ್ (ಹೃದಯದ ಹತ್ತಿರದ ಒಂದು ನಾಳ ಮುಚ್ಚದಂತೆ ತಡೆಯುವ ಔಷಧಿ) ಡ್ರಿಪ್ ಶುರು. ನಮ್ಮಲ್ಲಿ ಅದೇ ಮಗು ನೀಲಿಯಾದ ಮೇಲೆ ಆಂಬುಲೆನ್ಸ್ ಹುಡುಕುತ್ತೇವೆ.

ಇನ್ನೊಂದು, ವಾರದ ಜಂಟಿ ಸಭೆ. ಸರ್ಜನ್, ಕಾರ್ಡಿಯಾಲಜಿಸ್ಟ್, ಅನಸ್ತೇಶಿಯಾದವರು, ಐಸಿಯುನವರು, ನರ್ಸ್ ಎಲ್ಲರೂ ಒಂದು ಕೋಣೆಯಲ್ಲಿ. ಗೋಡೆ ಮೇಲೆ ಒಂದೊಂದೇ ಮಗುವಿನ ಎಕೋ ಬರುತ್ತದೆ. ಆಪರೇಷನ್ ಬೇಡ ಅಂತ ಜೂನಿಯರ್ ಹೇಳಬಹುದು, ಸರ್ಜನ್ ಕೇಳಿಸಿಕೊಳ್ಳಬೇಕು. ಇದು ಸುಮ್ನೆ ಬಂದ ಒಳ್ಳೆಯತನ ಅಂದುಕೊಳ್ಳಬೇಡ. ಬ್ರಿಸ್ಟಲ್‌ನಲ್ಲಿ ಆಪರೇಷನ್ ಆದ ಮಕ್ಕಳು ಬೇರೆ ಕಡೆಗಿಂತ ಜಾಸ್ತಿ ಸಾಯುತ್ತಿದ್ದರು. ಸ್ಟೀಫನ್ ಬೋಲ್ಸಿನ್ ಎಂಬ ಅನಸ್ತೇಶಿಯಾ ಡಾಕ್ಟರ್ ಅದನ್ನು ಎತ್ತಿ ಹೇಳಿದರು. 1984ರಿಂದ 1995ರವರೆಗಿನ ಲೆಕ್ಕ ತೆಗೆದು ಇಯಾನ್ ಕೆನಡಿ ಸಮಿತಿ 2001ರಲ್ಲಿ ವರದಿ ಕೊಟ್ಟಿತು, 198 ಶಿಫಾರಸು. ಈಗ ಪ್ರತಿ ಸೆಂಟರಿನ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಆಪರೇಷನ್ ಆಗಿ 30 ದಿನಕ್ಕೆ ಎಷ್ಟು ಮಕ್ಕಳು ಉಳಿದರು ಅಂತ. ಬೋಲ್ಸಿನ್ ಮಾತ್ರ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ಕೆಲಸ ಮಾಡಬೇಕಾಯಿತು. ಈ ದೇಶವೂ ಸ್ವರ್ಗವೇನಲ್ಲ.

ತಂದೆತಾಯಿಯ ಜೊತೆ ಮಾತಾಡುವುದನ್ನೂ ಇಲ್ಲೇ ಕಲಿತೆ. ಹೃದಯದ ಅರ್ಧ ಭಾಗ ಬೆಳೆಯದ ಮಗುವಿನ ವಿಷಯ ಹೇಳುವಾಗ ಕೋಣೆಯಲ್ಲಿ ನರ್ಸ್ ಇರುತ್ತಾರೆ, ಫೋನ್ ಸೈಲೆಂಟ್, ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತೇವೆ. ಕ್ಲಿನಿಕ್‌ನಲ್ಲಿ ಏನು ಹೇಳಿದೆವೋ ಅದು ಕಾಗದವಾಗಿ ಮನೆಗೂ ಹೋಗುತ್ತದೆ. ಬಾಪೂಜಿಯ ಒಪಿಡಿ ಜನಜಂಗುಳಿಯಲ್ಲಿ ಇಷ್ಟೆಲ್ಲ ಆಗಲ್ಲ, ನನಗೂ ಗೊತ್ತು.

ಜೀವನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು. ಕನ್ಸಲ್ಟೆಂಟ್, ಅಂದರೆ ಹಿರಿಯ ಡಾಕ್ಟರನ್ನು ಹೆಸರು ಹಿಡಿದು ಕರೆಯಬೇಕು. ದಾವಣಗೆರೆ ಪ್ರೊಫೆಸರ್ ಮುಂದೆ ಕೂರಲೂ ಹೆದರುತ್ತಿದ್ದವರಿಗೆ ಇದು ಚಳಿಗಿಂತ ಕಷ್ಟ. ಮಂಡಕ್ಕಿ ಗುಜರಾತಿ ಅಂಗಡಿಯಲ್ಲಿ ಸಿಗುತ್ತದೆ, ಮಿರ್ಚಿ ನೀನೇ ಕರಿಯಬೇಕು. ಮಗುವಿನ ನರ್ಸರಿ ಫೀಸು ಒಬ್ಬರ ಸಂಬಳದಲ್ಲಿ ದೊಡ್ಡ ಪಾಲು ತಿನ್ನುತ್ತದೆ. ರಾತ್ರಿ ಡ್ಯೂಟಿ ದಿನ ಮಗು ನೋಡಿಕೊಳ್ಳಲು ಅಜ್ಜಿ ಪಕ್ಕದ ಬೀದಿಯಲ್ಲಿ ಇರುವುದಿಲ್ಲ.

ನಿನ್ನ ಹೆಂಡತಿಯ ವಿಷಯ ನೀನು ಒಂದೇ ಸಾಲು ಬರೆದಿದ್ದೀಯ. ಅದು ನನಗೆ ಸರಿ ಕಾಣಲಿಲ್ಲ. ಡೆಂಟಿಸ್ಟ್‌ಗಳಿಗೆ ಇಲ್ಲಿ ಓಆರ್‌ಇ ಅನ್ನುವ ಪರೀಕ್ಷೆ ಇದೆ, ಹೊರದೇಶದಲ್ಲಿ ಓದಿದವರು ಕೆಲಸ ಮಾಡಲು ಬರೆಯಬೇಕಾದ್ದು. ಪಾಸಾಗುವುದಕ್ಕಿಂತ ಪರೀಕ್ಷೆಗೆ ಸೀಟು ಸಿಗುವುದೇ ಕಷ್ಟ, ಬುಕಿಂಗ್ ತೆರೆದ ಕೂಡಲೇ ತುಂಬಿಹೋಗುತ್ತದೆ. ಕೆಲವರು ಇಲ್ಲಿ ಬಂದು ವರ್ಷಗಟ್ಟಲೆ ಡೆಂಟಲ್ ನರ್ಸ್ ಕೆಲಸ ಮಾಡುತ್ತಾ ಕಾಯುತ್ತಾರೆ. ನೀನು ಬೆಂಗಳೂರಿನಲ್ಲಿ ಇರುವಾಗಲೇ ಅವಳು ಅದಕ್ಕೆ ಹೆಸರು ಹಾಕಲಿ. ಟಿಕೆಟ್ ಬುಕ್ ಮಾಡಿದ ಮೇಲೆ ಹೇಳುವ ವಿಷಯ ಇದಲ್ಲ.

ನೀನು ಇಲ್ಲಿನ ಮಕ್ಕಳ ಡಾಕ್ಟರ್ ಪರೀಕ್ಷೆ ಎಂಆರ್‌ಸಿಪಿಸಿಎಚ್‌ನ ಥಿಯರಿ ಮುಗಿಸಿದ್ದೀಯ ಅಂದೆ. ಕ್ಲಿನಿಕಲ್ ಪರೀಕ್ಷೆಯೂ ಭಾರತದಲ್ಲೇ ನಡೆಯುತ್ತದೆ, ಫೆಲೋಶಿಪ್ ನಡುವೆ ಅದನ್ನೂ ಮುಗಿಸು. ಅದು ಪೂರ್ತಿ ಆದರೆ ಜಿಎಂಸಿ (ಇಲ್ಲಿನ ವೈದ್ಯಕೀಯ ಮಂಡಳಿ) ರಿಜಿಸ್ಟ್ರೇಷನ್‌ಗೆ ಹೊರದೇಶದ ಡಾಕ್ಟರ್‌ಗಳು ಬರೆಯುವ ಪ್ಲ್ಯಾಬ್ ಪರೀಕ್ಷೆ ಬೇಡ. ಇಂಗ್ಲಿಷ್ ಪರೀಕ್ಷೆ ಮಾತ್ರ ಬೇಕು, ಐಇಎಲ್‌ಟಿಎಸ್ ಆದರೆ ಒಟ್ಟು 7.5, ಓಇಟಿ ಆದರೆ ಬಿ ಗ್ರೇಡ್. ಇಲ್ಲಿನ ಫೆಲೋ ಸರ್ಟಿಫಿಕೇಟ್ ನಮ್ಮ ಡಿಎಂಗೆ (ಎಂಡಿ ಆದ ಮೇಲಿನ ಸೂಪರ್ ಸ್ಪೆಷಾಲಿಟಿ ಪದವಿ) ಸಮ ಅಲ್ಲ ಅನ್ನುವುದು ನೆನಪಿರಲಿ. ಮುಂದೆ ಊರಲ್ಲಿ ಪ್ರೊಫೆಸರ್ ಆಗುವ ಆಸೆ ಇದ್ದರೆ ಅದರ ಪ್ರವೇಶ ಪರೀಕ್ಷೆ ನೀಟ್-ಎಸ್‌ಎಸ್ ಬರೆದು ಮೂರು ವರ್ಷದ ಡಿಎಂಗೇ ಪ್ರಯತ್ನ ಮಾಡು. ಮಾಡಿದ ಪ್ರತಿ ಎಕೋವನ್ನೂ ಮೊದಲ ದಿನದಿಂದಲೇ ಲಾಗ್‌ಬುಕ್‌ನಲ್ಲಿ ಬರೆದಿಡು. ಮಗುವಿನ ಹೆಸರು ಬೇಡ. ವಯಸ್ಸು, ತೂಕ, ನೀನು ಏನು ಅಂದುಕೊಂಡೆ, ಆಪರೇಷನ್‌ನಲ್ಲಿ ಏನು ಸಿಕ್ಕಿತು, ಇಷ್ಟು ಸಾಕು. ಫೆಲೋ ಇಂಟರ್‌ವ್ಯೂನಲ್ಲಿ ನಾವು ಮೊದಲು ಕೇಳುವುದೇ ಅದನ್ನು.