ಹೆಸರು ಗೊತ್ತಿಲ್ಲದ ಬೆರಿ ಕಡ್ಡಿ: ಸವರುವ ಮೊದಲು ಗುರುತು ಹಿಡಿಯಿರಿ

ಪ್ರಶ್ನೆ: ನೆಂಟರ ತೋಟದಿಂದ ನಾಲ್ಕು ಮುಳ್ಳುಕಡ್ಡಿಗಳನ್ನು ಬೇರುಸಮೇತ ತಂದಿದ್ದೇನೆ. ‘ಯಾವುದೋ ಬೆರಿ, ಹಣ್ಣು ಚೆನ್ನಾಗಿರುತ್ತೆ’ ಎಂದಷ್ಟೇ ಹೇಳಿ ಕೊಟ್ಟರು. ಕಡ್ಡಿ ನೇರಳೆ ಬಣ್ಣ, ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ. ಇದು ಯಾವ ಗಿಡ? ಹೇಗೆ ನೆಡಬೇಕು, ಯಾವಾಗ ಸವರಬೇಕು? ತೋಟಗಾರಿಕೆ ನನಗೆ ಹೊಸದು.
ಓದುಗರು, ಚಿಕ್ಕಮಗಳೂರು

ಉತ್ತರ: ಆ ಬಿಳಿ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಪುಡಿ ಅಳಿಸಿ ಕೆಳಗೆ ನೇರಳೆ ಸಿಪ್ಪೆ ಕಂಡರೆ, ಒಂದೇ ಎಲೆತೊಟ್ಟಿನಲ್ಲಿ ಐದರಿಂದ ಒಂಬತ್ತು ಕಿರುಎಲೆಗಳಿದ್ದು ಹಿಂಬದಿ ಬೆಳ್ಳಗಿದ್ದರೆ, ಅದು ಬಹುಮಟ್ಟಿಗೆ ಮೈಸೂರು ರಾಸ್ಪ್‌ಬೆರಿ. ಇದರ ಹಣ್ಣು ಮೊದಲು ಕೆಂಪಾಗಿ, ಪೂರ್ತಿ ಮಾಗಿದಾಗ ಕಪ್ಪಾಗುತ್ತದೆ. ಕಡ್ಡಿ ಕೋನಕೋನವಾಗಿದ್ದು ಕಿರುಎಲೆಗಳು ಅಂಗೈ ಬೆರಳಿನಂತೆ ಹರಡಿದ್ದರೆ ಬ್ಲ್ಯಾಕ್‌ಬೆರಿ ಇರಬಹುದು. ಕೊನೆಯ ತೀರ್ಮಾನ ಹಣ್ಣಿನದೇ: ಕಿತ್ತಾಗ ತಿರುಳುದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಪ್ಪಿಗೆಯಂತೆ ಟೊಳ್ಳಾಗಿ ಬಂದರೆ ರಾಸ್ಪ್‌ಬೆರಿ, ಬಿಳಿ ದಿಂಡು ಹಣ್ಣಿನೊಳಗೇ ಬಂದರೆ ಬ್ಲ್ಯಾಕ್‌ಬೆರಿ.

ಮೈಸೂರು ರಾಸ್ಪ್‌ಬೆರಿಯಾದರೆ ನಿಮ್ಮ ಅದೃಷ್ಟ. ಶೀತ ದೇಶಗಳ ಕೆಂಪು ರಾಸ್ಪ್‌ಬೆರಿಗೆ 7 ಡಿಗ್ರಿಗಿಂತ ಕಡಿಮೆ ಚಳಿ ನೂರಾರು ಗಂಟೆ ಸಿಗಬೇಕು. ಅದು ನಮ್ಮಲ್ಲಿ ಸಿಗದು, ಗಿಡ ಎಲೆ ಬಿಟ್ಟು ಸುಮ್ಮನಾಗುತ್ತದೆ.

ನೆಡಲು ಜೂನ್‌ನ ಮೊದಲ ಮಳೆ ಸರಿಯಾದ ಹೊತ್ತು. ಅಲ್ಲಿಯವರೆಗೆ ಬೇರಿಗೆ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿ ಮಣ್ಣು ಮುಚ್ಚಿಡಿ. ಬೆಳಗಿನ ಬಿಸಿಲು ಬೀಳುವ ಜಾಗ ಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಮಡಿ ಮಾತ್ರ ಬೇಡ, ಆ ಬೆಳೆಗಳ ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲೇ ಉಳಿದು ಬೆರಿಗೂ ಹತ್ತುತ್ತದೆ. ಒಂದೂವರೆ ಅಡಿ ಗುಂಡಿ ತೆಗೆದು ಮೇಲ್ಮಣ್ಣಿಗೆ ಐದು ಕಿಲೋ ಚೆನ್ನಾಗಿ ಕಳಿತ ಸಗಣಿಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ. ಕಡ್ಡಿಯ ಮೇಲೆ ಹಳೆಯ ಮಣ್ಣಿನ ಗುರುತು ಎಲ್ಲಿದೆಯೋ ಅಲ್ಲಿಯವರೆಗಷ್ಟೇ ಹೂಳಿ. ಗಿಡದಿಂದ ಗಿಡಕ್ಕೆ ಆರಡಿ ಬಿಡಿ. ಕಡ್ಡಿಯನ್ನು ಒಂದಡಿಗೆ ಕತ್ತರಿಸಿ, ಬುಡಕ್ಕೆ ಮೂರು ಇಂಚು ದರಗು ಹಾಸಿ, ಕಾಂಡಕ್ಕೆ ತಾಗದಂತೆ. ಎರಡು ಕಂಬ ನೆಟ್ಟು ಎರಡೂವರೆ ಅಡಿಗೆ ಒಂದು, ಐದಡಿಗೆ ಒಂದು ತಂತಿ ಎಳೆದರೆ ಕಡ್ಡಿ ಕಟ್ಟಲು ಅನುಕೂಲ.

ಆ ಒಂದು ಕತ್ತರಿಯ ನಂತರ ಮೊದಲ ವರ್ಷ ಸವರಲೇಬೇಡಿ. ಕಾಫಿ ನೋಡಿ ಬೆಳೆದವರು ಎಡವುವುದು ಇಲ್ಲೇ. ಕಾಫಿಯಲ್ಲಿ ಬುಡದಿಂದ ಎದ್ದ ಚಿಗುರನ್ನು ಮುರಿದು ಹಾಕಿ ಹಳೆಯ ಕಾಂಡವನ್ನು ಉಳಿಸುತ್ತೇವೆ. ಬೆರಿಯಲ್ಲಿ ತದ್ವಿರುದ್ಧ: ಹಳೆಯ ಕಡ್ಡಿ ಹಣ್ಣು ಕೊಟ್ಟು ಸಾಯುತ್ತದೆ, ಮುಂದಿನ ಫಸಲು ಆ ಬುಡಚಿಗುರಿನಲ್ಲೇ ಇದೆ. ಅದನ್ನು ಮುರಿದರೆ ಮುಂದಿನ ವರ್ಷ ಬುಟ್ಟಿ ಖಾಲಿ.

ಆದ್ದರಿಂದ ಈ ಮಳೆಗಾಲದಲ್ಲಿ ಎದ್ದ ಪ್ರತಿ ಚಿಗುರಿಗೂ ಕೆಂಪು ಉಣ್ಣೆದಾರ ಕಟ್ಟಿ, ಮುಂದಿನ ವರ್ಷದ ಚಿಗುರಿಗೆ ಹಳದಿ. ಹಣ್ಣು ಕೆಂಪು ದಾರದ ಕಡ್ಡಿಯಲ್ಲಿ, ಎರಡನೇ ವರ್ಷ ಬಂದರೆ, ಕೊಯ್ಲು ಮುಗಿದ ಕೂಡಲೇ ಆ ಕಡ್ಡಿಯನ್ನು ನೆಲಮಟ್ಟಕ್ಕೆ ಕತ್ತರಿಸಿ. ಹಳದಿಯವುಗಳಲ್ಲಿ ದಪ್ಪನೆಯ ಐದಾರನ್ನು ಉಳಿಸಿ, ಸಪೂರವಾದವನ್ನು ತೆಗೆಯಿರಿ. ಅದೇ ವರ್ಷದ ಚಿಗುರಿನ ತುದಿಯಲ್ಲೇ ಹಣ್ಣು ಕಂಡರೆ, ಒಣಗಿದ ತುದಿಯನ್ನಷ್ಟೇ ಕತ್ತರಿಸಿ. ಉಳಿದ ಕೆಳಭಾಗ ಮರುವರ್ಷ ಇನ್ನೊಮ್ಮೆ ಹಣ್ಣು ಕೊಡುತ್ತದೆ. ಮೈಸೂರು ರಾಸ್ಪ್‌ಬೆರಿ ಎಂದು ಖಚಿತವಾದ ಮೇಲೆ ಹೊಸ ಕಡ್ಡಿ ನಾಲ್ಕಡಿಯಾದಾಗ ತುದಿ ಚಿವುಟಿದರೆ ಪಕ್ಕದ ರೆಂಬೆ ಹೆಚ್ಚುತ್ತವೆ, ಹಣ್ಣೂ ಹೆಚ್ಚು.

ಬಾಗಿದ ತುದಿ ನೆಲ ಮುಟ್ಟಲು ಬಿಡಬೇಡಿ, ಅಲ್ಲೇ ಬೇರೂರುತ್ತದೆ. ಹಕ್ಕಿಗಳೂ ಬೀಜ ಹರಡುತ್ತವೆ. ಇದೇ ಗಿಡ ಗಲಪಗೋಸ್ ದ್ವೀಪಗಳಲ್ಲಿ ಪೊದೆಯಾಗಿ ಹಬ್ಬಿ ಅಲ್ಲಿನ ಕಾಡಿಗೆ ಕಂಟಕವಾಗಿದೆ. ಕತ್ತರಿಸಿದ್ದನ್ನು ಬೇಲಿಯಾಚೆ ಎಸೆಯದೆ ಒಣಗಿಸಿ ಸುಡಿ. ಹಣ್ಣು ಕೆಂಪಾಗುತ್ತಲೇ ಬಲೆ ಹಾಕಿ, ಇಲ್ಲವಾದರೆ ಪಿಕಳಾರ ಮೊದಲು ತಿನ್ನುತ್ತದೆ.

ಪ್ರಶ್ನೆ: ಎರಡು ವರ್ಷದ ಬೆರಿ ಗಿಡಗಳು ಆಗಸ್ಟ್‌ನಲ್ಲಿ ಹಳದಿಯಾಗಿ ಬಾಡುತ್ತಿವೆ. ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಶಿಲೀಂಧ್ರನಾಶಕ) ಹೊಡೆದರೂ ನಿಲ್ಲುತ್ತಿಲ್ಲ.
ಓದುಗರು, ಸಕಲೇಶಪುರ

ಉತ್ತರ: ಬಾಡಿದ ಒಂದು ಗಿಡ ಕಿತ್ತು ಬೇರನ್ನು ಚಿವುಟಿ. ಸಿಪ್ಪೆ ಜಾರಿ ನಡುವಿನ ನಾರು ಮಾತ್ರ ಉಳಿದರೆ ಅದು ಬೇರುಕೊಳೆ. ನೀರು ನಿಂತ ಮಣ್ಣಿನಲ್ಲಿ ಬರುತ್ತದೆ. ಎಲೆಗೆ ಹೊಡೆದ ಬೋರ್ಡೋ ಬೇರನ್ನು ಮುಟ್ಟುವುದೇ ಇಲ್ಲ. ಬಾಡಿದ ಗಿಡ ಉಳಿಯದು, ಬೇರುಸಮೇತ ತೆಗೆದು ಸುಡಿ. ಉಳಿದವುಗಳ ಪಕ್ಕ ಒಂದೂವರೆ ಅಡಿ ಬಸಿಗಾಲುವೆ ತೆಗೆದು ನೀರು ಇಳಿಜಾರಿಗೆ ಹೋಗುವಂತೆ ಮಾಡಿ. ಹೊಸ ಕಡ್ಡಿಯನ್ನು ಅದೇ ಗುಂಡಿಗೆ ಹಾಕದೆ ಬೇರೆ ಜಾಗದಲ್ಲಿ ದಿಬ್ಬ ಮಾಡಿ ನೆಡಿ. ಆ ಸಾಲಿನ ಗಿಡಗಳಿಂದ ಯಾರಿಗೂ ಕಡ್ಡಿ ಕೊಡಬೇಡಿ.